ಮುಯ್ಯಾಳು ಕೆಡಿಸಿದ ಪ್ರಯೋಗ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ರಾಮನಗರದ ಒಂದು ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕನಾಗಿದ್ದೆ. ಎಕ್ಸ್‌ಪೆರಿಮೆಂಟಲ್ ಡಿಸೈನ್, ಅಂದರೆ ಪ್ರಯೋಗವನ್ನು ಹೇಗೆ ಹೆಣೆಯಬೇಕು ಎಂಬ ಪಾಠವನ್ನು ಮೂವತ್ತು ವರ್ಷ ಹೇಳಿ ಹೇಳಿ ಜಂಬ ಬಂದಿತ್ತು. ಅದನ್ನು ಇಳಿಸಿದ್ದು ರೇಷ್ಮೆಹುಳು ಸಾಕುವ ಹೆಂಗಸರು.

ನನ್ನ ಪಿಎಚ್.ಡಿ. ವಿದ್ಯಾರ್ಥಿನಿ ಶೋಭಾ ಕುದೂರು ಕಡೆಯ ರೈತರ ಮನೆಯವಳು. ಹಾಲುತೊಂಡೆ ಎಂಬ ರೋಗ ಹತ್ತಿದ ರೇಷ್ಮೆಹುಳುವನ್ನು ಬೇಗ ಗುರುತಿಸಿ ತೆಗೆಯದಿದ್ದರೆ ಉಳಿದವಕ್ಕೂ ಹಬ್ಬುತ್ತದೆ. ಎಲ್ಲಿ ಕಣ್ಣಿಟ್ಟರೆ ಅದು ಸಿಗುತ್ತದೆ ಎಂಬುದನ್ನು ಚಿತ್ರದ ಕಾರ್ಡುಗಳಿಂದ ಕಲಿಸುವ ವಿಧಾನವನ್ನು ಅವಳು ರೂಪಿಸಿದ್ದಳು. ಅದರಿಂದ ನಿಜಕ್ಕೂ ಉಪಯೋಗವಿದೆ ಎಂದು ತೋರಿಸಬೇಕಿತ್ತು.

ನಾನು ಪುಸ್ತಕದ ದಾರಿಯಲ್ಲೇ ಹೋದೆ. ಅವಳ ಪಕ್ಕದೂರಿನ ನಲವತ್ತು ಹೆಂಗಸರ ಹೆಸರಿನ ಚೀಟಿ ಎತ್ತಿ, ಇಪ್ಪತ್ತು ಮಂದಿಗೆ ಕಾರ್ಡಿನ ಪಾಠ ಕೊಡಿಸಿದೆ. ಉಳಿದವರು ಹೋಲಿಕೆಗೆಂದು ಇಟ್ಟ, ಪಾಠವಿಲ್ಲದ ಕಂಟ್ರೋಲ್ ಗುಂಪು. ಪಾಠಕ್ಕೆ ಮುಂಚೆ ನಲವತ್ತೂ ಮಂದಿಗೆ ರೋಗದ ಹುಳು ಗುರುತಿಸುವ ಪರೀಕ್ಷೆ ಕೊಟ್ಟಿದ್ದೆವು.

"ಸರ್, ನಮ್ಮ ಕಡೆ ಯಾವುದೂ ಒಬ್ಬರ ಹತ್ರಾನೇ ಉಳಿಯಲ್ಲ," ಎಂದಳು ಶೋಭಾ.

"ಚೀಟಿ ಎತ್ತಿದ ಮೇಲೆ ಅದೆಲ್ಲ ಸರಿಹೋಗುತ್ತೆ," ಎಂದು ಬಾಯಿ ಮುಚ್ಚಿಸಿದೆ.

ಒಂದೂವರೆ ತಿಂಗಳ ನಂತರ ಮತ್ತೆ ಅದೇ ಪರೀಕ್ಷೆ ಮಾಡಿದರೆ ಎರಡೂ ಗುಂಪು ಒಂದೇ ಸಮನಾಗಿ ಸುಧಾರಿಸಿದ್ದವು. "ಎರಡನೇ ಸಲ ಪರೀಕ್ಷೆ ಕೊಟ್ಟರೆ ಯಾರಾದರೂ ಸುಧಾರಿಸುತ್ತಾರೆ. ಕಾರ್ಡಿನಿಂದ ಏನೂ ಆಗಿಲ್ಲ, ವಿಷಯ ಬದಲಿಸಿ," ಎಂದರು ಸಂಶೋಧನಾ ಸಮಿತಿಯ ಹಿರಿಯರು. ಬದಲಿಸಿದರೆ ಶೋಭಾಳ ಅವಧಿ ಮುಗಿದು ಪದವಿಯೇ ಕೈತಪ್ಪುತ್ತಿತ್ತು. ನಾನು ಗೋಗರೆದು ಆರು ತಿಂಗಳ ಗಡುವು ಪಡೆದೆ.

ಮಾರನೇ ದಿನವೇ ಇಬ್ಬರೂ ಆ ಊರಿಗೆ ಹೋದೆವು. ಕಂಟ್ರೋಲ್ ಗುಂಪಿನ ಜಯಮ್ಮ ಸೊಪ್ಪು ಹಾಕುತ್ತಿದ್ದವರು ತಟ್ಟೆಯ ಅಂಚಿನಿಂದ ರೋಗದ ಒಂದು ಹುಳುವನ್ನು ಎತ್ತಿ ತೋರಿಸಿದರು. ನಮ್ಮ ಕಾರ್ಡಿನಲ್ಲಿದ್ದ ಲಕ್ಷಣವನ್ನೇ ಪಟಪಟನೆ ಹೇಳಿದರು. ಅವರಿಗೆ ಆ ಕಾರ್ಡನ್ನು ನಾವು ತೋರಿಸಿರಲೇ ಇಲ್ಲ.

"ಇದನ್ನ ಯಾರು ಹೇಳಿಕೊಟ್ರು ಜಯಮ್ಮ?"

"ನಿಮ್ ಕಾರ್ಡಿನ್ ಪಾಠಕ್ಕೆ ಬಂದಿದ್ಲಲ್ಲ ಗೌರಮ್ಮ, ಅವಳ ಮನೇಲಿ ಹಣ್ಣುಹುಳ ಆಯಕ್ಕೆ ಮುಯ್ಯಾಳಾಗಿ ಹೋಗಿದ್ನಲ್ಲ ಸಾ, ಅಲ್ಲಿ ಅವಳೇ ಹೇಳ್ಕೊಟ್ಲು. ನಾನ್ ಬಂದು ನಮ್ ಬೀದಿಯೋರ್ಗೆಲ್ಲ ಹೇಳ್ದೆ. ಹುಳ ಸಾಯ್ತಿದ್ರೂ ಬಾಯ್ ಮುಚ್ಕಂಡ್ ಇರಕಾಯ್ತದಾ?"

ಹಣ್ಣುಹುಳ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಒಂದೇ ದಿನದಲ್ಲಿ ಆರಿಸಬೇಕು. ಅದಕ್ಕೆ ಇಂದು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು. ಈ ಕೊಡುಕೊಳ್ಳುವ ಕೆಲಸವೇ ಮುಯ್ಯಿ, ಹಾಗೆ ಹೋದವರು ಮುಯ್ಯಾಳು. ನಾನು ಚೀಟಿ ಎತ್ತಿ ಬೇರೆ ಮಾಡಿದ್ದವರು ಒಂದೇ ಚಾಪೆಯ ಮೇಲೆ ಕೂತಿದ್ದರು. ನಾಚಿಕೆಯೂ ಆಯಿತು, ನಗುವೂ ಬಂತು. ವಾಪಸು ಬರುವಾಗ ಬಸ್ಸಿನಲ್ಲೇ ಶೋಭಾಳ ಬಳಿ ತಪ್ಪೊಪ್ಪಿಕೊಂಡೆ.

ಈ ಸಲ ಡಿಸೈನ್ ಆರಿಸಿದ್ದು ಅವಳು. ಹೆಂಗಸರನ್ನು ಬೇರೆ ಮಾಡುವ ಬದಲು ಊರುಗಳನ್ನೇ ಬೇರೆ ಇಟ್ಟಳು: ಬೈರಮಂಗಲ, ಚನ್ನಪಟ್ಟಣದ ಹತ್ತಿರದ ಒಂದು ಹಳ್ಳಿ, ಮರಳವಾಡಿ. ಮುಯ್ಯಿ ಅಷ್ಟು ದೂರ ಹೋಗುವುದಿಲ್ಲ. ಪರೀಕ್ಷೆ ಪ್ರತಿ ತಿಂಗಳೂ ಮೂರೂ ಕಡೆ ಒಟ್ಟಿಗೆ, ಪಾಠ ಮಾತ್ರ ತಿಂಗಳಿಗೆ ಒಂದು ಊರಿನಂತೆ ಸರದಿಯಲ್ಲಿ. ಇದಕ್ಕೆ ಮಲ್ಟಿಪಲ್ ಬೇಸ್‌ಲೈನ್ ಡಿಸೈನ್ ಎನ್ನುತ್ತಾರೆ. ಪಾಠವಾದ ಊರಿನ ಅಂಕ ಮಾತ್ರ ಮೇಲೇರಿ, ಕಾಯುತ್ತಿರುವ ಊರಿನದು ಇದ್ದಲ್ಲೇ ಇದ್ದರೆ, ಕಾರಣ ಕಾರ್ಡೇ ಎಂದಾಗುತ್ತದೆ.

ಬೈರಮಂಗಲ ಏರಿತು. ಮುಂದಿನ ತಿಂಗಳು ಚನ್ನಪಟ್ಟಣದ ಹಳ್ಳಿ ಏರಿತು. ಕೊನೆಯ ಸರದಿಯ ಮರಳವಾಡಿ ಮೂರು ಪರೀಕ್ಷೆಯಲ್ಲೂ ಅಲುಗಾಡಲಿಲ್ಲ. ಜನ ಸುಧಾರಿಸಲಿಲ್ಲವೆಂದು ನಾನು ಅಷ್ಟು ಖುಷಿಪಟ್ಟದ್ದು ಜೀವನದಲ್ಲಿ ಅದೊಂದೇ ಸಲ. ಪಾಠವಾದ ತಿಂಗಳು ಮರಳವಾಡಿಯೂ ಏರಿತು. ಶೋಭಾ ಗ್ರಾಫ್ ಹಿಡಿದುಕೊಂಡು ನನ್ನ ಕೋಣೆಗೆ ಓಡಿಬಂದಳು. ಇಬ್ಬರ ಕಣ್ಣಲ್ಲೂ ನೀರು.

ಸಮಿತಿಯ ಹಿರಿಯರು ಗ್ರಾಫನ್ನು ಬಹಳ ಹೊತ್ತು ನೋಡಿ, "ಇದು ಸರಿ. ಹಾಗಾದರೆ ಸೋತ ಆ ಮೊದಲ ಪ್ರಯೋಗವನ್ನು ಪ್ರಬಂಧದಿಂದ ತೆಗೆದುಬಿಡಿ," ಎಂದರು.

"ತೆಗೆಯಲ್ಲ ಸರ್," ಎಂದಳು ಶೋಭಾ. "ಬರೀ ಪರೀಕ್ಷೆ ಕೊಟ್ಟರೆ ಯಾರೂ ಸುಧಾರಿಸಲ್ಲ ಅಂತ ಮರಳವಾಡಿ ತೋರಿಸಿದೆ. ಅಂದ್ರೆ ಆವತ್ತು ಕಂಟ್ರೋಲ್ ಗುಂಪಿನವರೂ ಕಲಿತೇ ಸುಧಾರಿಸಿದ್ರು. ನಾವು ಇಪ್ಪತ್ತು ಜನಕ್ಕೆ ಕಲಿಸಿದ್ವಿ, ನಲವತ್ತು ಜನ ಕಲಿತ್ರು."

ಹಿರಿಯರು ಸಹಿ ಹಾಕಿದರು.

ಡಿಸೈನ್ ಆರಿಸುವ ಮುಂಚೆ ಯಾರ ಮನೆಗೆ ಯಾರು ಕೆಲಸಕ್ಕೆ ಹೋಗುತ್ತಾರೆಂದು ಕೇಳಿ ತಿಳಿಯಬೇಕು. ಮೂವತ್ತು ವರ್ಷ ಕಲಿಸಿದ ನಾನು ಇದನ್ನು ಕಲಿತದ್ದು ನನ್ನ ವಿದ್ಯಾರ್ಥಿನಿಯಿಂದ.