ಎಂ, ವೈ, ಎಕ್ಸ್

ಮೂಡಬಿದಿರೆಯಿಂದ ಬಸ್ಸು ಹೊರಡುವುದರಲ್ಲಿತ್ತು. ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕೆ ಸೇರಲು ಹೊರಟಿದ್ದ ಸಹಪಾಠಿ ಮೋನಪ್ಪ ಕಿಟಕಿಯಿಂದ ತಲೆ ಹಾಕಿ ಕೂಗಿದ: "ಬಸ್ಸಿನ ನಂಬರು ನೋಡು. ಎಂ, ವೈ, ಎಕ್ಸ್. ಮೂರೂ ಅಕ್ಷರ ಇರುವ ಇಂಗ್ಲಿಷ್ ಶಬ್ದ ಹೇಳು ಮಾರಾಯ!"

ವೇಣೂರಿನಿಂದ ಶಾಲೆಗೆ ಬರುವಾಗ ನಾವಿಬ್ಬರು ದಿನವೂ ಆಡುತ್ತಿದ್ದ ಆಟವಿದು. ಒಬ್ಬ ಅಕ್ಷರಗಳನ್ನು ಕೊಡಬೇಕು, ಇನ್ನೊಬ್ಬ ಅವೆಲ್ಲ ಇರುವ ಶಬ್ದ ಹೇಳಬೇಕು. ಗೆದ್ದವನಿಗೆ ಕಿಟಕಿಯ ಸೀಟು. ನನ್ನ ದಿನಚರಿಯ ಲೆಕ್ಕದಂತೆ ಅವನು ಹನ್ನೊಂದು ಗೆಲುವು ಮುಂದಿದ್ದ. ನಮ್ಮ ಜಿಲ್ಲೆಯ ಬಸ್ಸುಗಳೆಲ್ಲ ಹೊತ್ತು ತಿರುಗುವ ಈ ಮೂರು ಅಕ್ಷರಗಳು ಮಾತ್ರ ಇಬ್ಬರಿಗೂ ಬಗ್ಗಿರಲಿಲ್ಲ.

"ನಿನಗೆ ಗೊತ್ತುಂಟಾ?" ಎಂದೆ.

"ಉಂಟು, ನಿನ್ನೆ ಸಿಕ್ಕಿತು. ಆದರೆ ಹೇಳುವುದಿಲ್ಲ. ಹೇಳಿದರೆ ನೀನು ಕಾಗದ ಹಾಕ್ಲಿಕ್ಕಿಲ್ಲ. ನಿನ್ನ ಉದಾಸೀನ ನನಗೆ ಗೊತ್ತಿಲ್ವಾ!"

ಬಸ್ಸು ಹೋಯಿತು. ಮರುವಾರವೇ ಶಾಲೆಯ ಡಿಕ್ಷನರಿಯಲ್ಲಿ ಶಬ್ದ ಸಿಕ್ಕಿತು: ಟ್ಯಾಕ್ಸಾನಮಿ. ಜೀವಿಗಳನ್ನು ವಿಂಗಡಿಸುವ ವಿದ್ಯೆಯಂತೆ.

ಅವನಿಗಿನ್ನೂ ತಿಳಿಸಿಲ್ಲ. ಪ್ರತಿ ಕಾಗದದಲ್ಲೂ "ಸಿಗಲಿಲ್ಲ, ಇನ್ನೊಂದು ಸುಳಿವು ಕೊಡು" ಎಂದೇ ಬರೆಯುತ್ತೇನೆ. ಸುಳಿವಿನ ಜೊತೆಗೆ ಅವನ ಸುದ್ದಿಯೂ ಬರುತ್ತದೆ. ಇದು ಅಚ್ಚಾಗುವ ನಮ್ಮ ಶಾಲೆಯ ಪತ್ರಿಕೆ ಬೊಂಬಾಯಿಯವರೆಗೆ ಹೋಗುವುದಿಲ್ಲವೆಂಬ ಧೈರ್ಯದಿಂದ ಇಷ್ಟು ಬರೆದಿದ್ದೇನೆ.