ಕೈ ಹೇಳಿದ್ದನ್ನು ನಾವು ಕೇಳಲಿಲ್ಲ

ನನ್ನ ಗಂಡ ಹದಿನಾಲ್ಕು ವರ್ಷ ಸ್ಕೂಲ್ ವ್ಯಾನ್ ಓಡಿಸಿದರು. ಬೆಳಿಗ್ಗೆ ಆರೂವರೆಗೆ ಇಟ್ಟಮಡುವಿನ ನಮ್ಮ ಮನೆಯಿಂದ ಹೊರಟು, ಪದ್ಮನಾಭನಗರ, ಬನಶಂಕರಿ ಸುತ್ತಿ, ಮಕ್ಕಳನ್ನು ತುಂಬಿಕೊಂಡು ಜಯನಗರದ ಶಾಲೆಗೆ ಬಿಡುತ್ತಿದ್ದರು. ಮಧ್ಯಾಹ್ನ ಅದೇ ದಾರಿ ವಾಪಸ್. ಬ್ಯಾಗುಗಳನ್ನೆಲ್ಲ ಅವರೇ ಎತ್ತಿ ವ್ಯಾನಿನ ಮೇಲಿನ ಕ್ಯಾರಿಯರ್‌ಗೆ ಹಾಕಬೇಕು, ಅವರೇ ಇಳಿಸಬೇಕು. ಹಾಗಾಗಿ ಅವರಿಗೆ ಸೊಂಟ ನೋವು ಶುರುವಾದಾಗ ನಮಗಿಬ್ಬರಿಗೂ ಆಶ್ಚರ್ಯವೇನೂ ಆಗಲಿಲ್ಲ. ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ಅವರಿಗೆ ನಲವತ್ತಾರು. ನಾನು ಮನೆಯಲ್ಲೇ ಚಿಕ್ಕ ಕ್ಲಾಸಿನವರಿಗೆ ಲೆಕ್ಕದ ಟ್ಯೂಷನ್ ಹೇಳಿಕೊಡುತ್ತಿದ್ದೆ. ನಮಗೆ ಮಕ್ಕಳಿರಲಿಲ್ಲ.

ಮಾತ್ರೆ ನುಂಗಿದ್ದಾಯಿತು, ಸೊಂಟಕ್ಕೆ ಬೆಲ್ಟ್ ಕಟ್ಟಿದ್ದಾಯಿತು. ಕೋಣನಕುಂಟೆಯಲ್ಲಿ ಇವರ ದೊಡ್ಡಪ್ಪ ಒಬ್ಬರಿದ್ದರು. ಎಣ್ಣೆ ಹಚ್ಚಿ ನೀವುವುದರಲ್ಲಿ ಹೆಸರಾದವರು. ಇವರು ಚಿಕ್ಕವರಿದ್ದಾಗ ಮರದಿಂದ ಬಿದ್ದು ಉಳುಕಿದ ಕಾಲನ್ನು ಸರಿಮಾಡಿದ್ದರಂತೆ. ಅವರ ಹತ್ತಿರ ನೀವಿಸಿಕೊಂಡು ಬಂದರೆ ಎರಡು ದಿನ ಹಾಯಾಗಿರುತ್ತಿತ್ತು, ಮೂರನೇ ದಿನ ಮತ್ತೆ ಅದೇ. ಕೊನೆಗೆ ವ್ಯಾನಿನಲ್ಲಿ ಬರುವ ಒಂದು ಮಗುವಿನ ತಾಯಿ ಜಯನಗರದ ಒಬ್ಬ ಡಾಕ್ಟರಮ್ಮನ ವಿಷಯ ಹೇಳಿದರು. ಹೊರದೇಶದಲ್ಲಿ ಆಸ್ಟಿಯೋಪತಿ ಎಂಬುದನ್ನು ಓದಿ ಬಂದವರು, ಮಾತ್ರೆ ಇಂಜೆಕ್ಷನ್ ಏನೂ ಇಲ್ಲ, ಬರೀ ಕೈಯಲ್ಲೇ ಚಿಕಿತ್ಸೆ ಎಂದರು.

ಅವರ ಮನೆಯ ಮುಂದಿನ ಕೋಣೆಯೇ ಕ್ಲಿನಿಕ್. ಒಂದು ಎತ್ತರದ ಮಂಚ, ಎರಡು ಕುರ್ಚಿ. ಡಾಕ್ಟರಮ್ಮನಿಗೆ ಐವತ್ತರ ಆಸುಪಾಸು. ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ಕ್ಲಚ್ ತುಳಿಯುವಾಗ ಹೇಗೆ ಕೂರುತ್ತೀರಿ, ಬ್ಯಾಗು ಯಾವ ಕಡೆಯಿಂದ ಎತ್ತುತ್ತೀರಿ, ಊಟ ಎಷ್ಟು ಹೊತ್ತಿಗೆ. ಆಮೇಲೆ ಇವರನ್ನು ನಿಲ್ಲಿಸಿ, ಬಗ್ಗಿಸಿ, ಪಾದ ನೋಡತೊಡಗಿದರು. ಇವರಿಗೆ ತಾಳ್ಮೆ ತಪ್ಪಿತು.

"ಮೇಡಂ, ನೋವಿರೋದು ಸೊಂಟದಲ್ಲಿ. ನೀವು ಪಾದ ನೋಡ್ತಿದೀರಲ್ಲ?"

"ಸೊಂಟ ಒಂದೇ ಬಂದಿಲ್ಲವಲ್ಲ ಸಾರ್ ಇಲ್ಲಿಗೆ. ಪೂರ್ತಿ ನೀವೇ ಬಂದಿದೀರ," ಎಂದು ನಕ್ಕರು.

ಮಂಚದ ಮೇಲೆ ಮಲಗಿಸಿ, ಒಂದು ಕೈಯನ್ನು ಸೊಂಟದ ಅಡಿಗೆ ಇಟ್ಟು ಸುಮ್ಮನೆ ಕೂತರು. ಎಷ್ಟು ಹೊತ್ತಾದರೂ ಆ ಕೈ ಅಲ್ಲಾಡಲಿಲ್ಲ. ಇದೇನು ಏನೂ ಮಾಡುತ್ತಿಲ್ಲವಲ್ಲ ಎಂದುಕೊಂಡೆ. ಆಮೇಲೆ ನನ್ನ ಗಂಡ ಒಂದು ದೊಡ್ಡ ಉಸಿರು ಬಿಟ್ಟರು, ವರ್ಷದಿಂದ ಹಿಡಿದಿಟ್ಟುಕೊಂಡಿದ್ದರೇನೋ ಎನ್ನುವ ಹಾಗೆ. ಡಾಕ್ಟರಮ್ಮ ಆಗ ಎದ್ದು ತೊಡೆಯ ಕೀಲನ್ನು ನಿಧಾನವಾಗಿ ತಿರುಗಿಸಿದರು, ಪಕ್ಕೆಲುಬುಗಳ ಮೇಲೆ ಕೈಯಿಟ್ಟು ಉಸಿರಿನ ಜೊತೆಗೇ ಒತ್ತಿ ಬಿಟ್ಟರು.

ನಾನು ಕೇಳಿದೆ, "ಇದು ಮಸಾಜ್ ಥರಾನಾ ಮೇಡಂ?"

"ಅಲ್ಲ. ಎಲ್ಲಿ ಬಿಗಿ ಹಿಡಿದಿದೆ, ಯಾವ ಕೀಲು ಸರಿಯಾಗಿ ಆಡ್ತಿಲ್ಲ ಅಂತ ಕೈಯಲ್ಲಿ ಹುಡುಕ್ತೀನಿ. ಬಿಗಿ ಬಿಟ್ರೆ ಮೈ ಚೇತರಿಸ್ಕೊಳ್ಳೋದು ಸುಲಭ ಆಗುತ್ತೆ. ಎಲ್ಲಾ ನೋವೂ ಇದ್ರಿಂದ ಹೋಗುತ್ತೆ ಅಂತ ಮಾತ್ರ ನಾನು ಹೇಳಲ್ಲ. ಕೆಲವು ಹೋಗುತ್ತೆ. ಕೆಲವು ನನ್ನ ಕೈಗೆ ಮೀರಿದ್ದು."

ಮೂರು ಸಲ ಹೋಗುವಷ್ಟರಲ್ಲಿ ಇವರು ಬೆಲ್ಟ್ ಬಿಚ್ಚಿ ಬೀರುವಿನಲ್ಲಿಟ್ಟರು. ಎರಡು ತಿಂಗಳು ನಮ್ಮ ಮನೆಯಲ್ಲಿ ಸೊಂಟದ ಮಾತೇ ಇರಲಿಲ್ಲ. ಸಿಕ್ಕ ಡ್ರೈವರುಗಳಿಗೆಲ್ಲ ಇವರು ಡಾಕ್ಟರಮ್ಮನ ಮನೆಯ ದಾರಿ ಹೇಳಿದ್ದೇ ಹೇಳಿದ್ದು.

ದೀಪಾವಳಿ ಕಳೆದ ಮೇಲೆ ನೋವು ಮತ್ತೆ ಬಂತು. ಈ ಸಲ ಸೊಂಟದಲ್ಲಿ ಅಲ್ಲ, ಬೆನ್ನಿನ ನಡುವೆ. ಓಡಾಡುವಾಗ ಹೇಗೋ ತಡೆಯುತ್ತಿದ್ದರು; ಮಲಗಿದರೆ ಹೆಚ್ಚಾಗುತ್ತಿತ್ತು. ಪ್ಯಾಂಟು ಜಾರುತ್ತಿದೆ ಎಂದು ಚರ್ಮದ ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡು ಬಂದರು. ಹೊಟ್ಟೆ ಕರಗಿತು ನೋಡು ಎಂದು ನನಗೆ ತೋರಿಸಿದ್ದರು. ನಾನೂ ನಕ್ಕಿದ್ದೆ.

ಡಾಕ್ಟರಮ್ಮ ನಗಲಿಲ್ಲ. ಬೆನ್ನುಮೂಳೆಯ ಉದ್ದಕ್ಕೂ ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತಾ ಬಂದರು. ಒಂದು ಜಾಗದಲ್ಲಿ ಇವರು ಚೀರಿ ಎದ್ದು ಕೂತರು. ಡಾಕ್ಟರಮ್ಮ ಕೈ ತೆಗೆದು, ತೊಳೆದುಕೊಂಡು ಬಂದು ಕುರ್ಚಿಯಲ್ಲಿ ಕೂತರು.

"ಇವತ್ತು ನಾನು ಏನೂ ಮಾಡಲ್ಲ ಸಾರ್. ಈ ವಾರದಲ್ಲೇ ನೀವು ದೊಡ್ಡಾಸ್ಪತ್ರೆಗೆ ಹೋಗಿ. ರಕ್ತ ಪರೀಕ್ಷೆ, ಸ್ಕ್ಯಾನ್ ಎರಡೂ ಆಗ್ಬೇಕು. ಅಲ್ಲೀವರೆಗೆ ಯಾರ ಕೈಲೂ ಬೆನ್ನು ಒತ್ತಿಸ್ಕೋಬೇಡಿ."

"ಹೋದ ಸಲ ನೀವೇ ವಾಸಿ ಮಾಡಿದ್ರಲ್ಲ ಮೇಡಂ?"

"ಅದು ಬೇರೆ ನೋವು. ಇದು ಬೇರೆ." ಒಂದು ಕಾಗದ ಬರೆದು ನನ್ನ ಕೈಗೆ ಕೊಟ್ಟರು.

ಆಟೋದಲ್ಲಿ ಇವರು ಮುಖ ಊದಿಸಿಕೊಂಡು ಕೂತಿದ್ದರು. ನಂಬಿದವರು ಬಾಗಿಲು ಹಾಕಿಕೊಂಡರು ಎಂಬ ನೋವು ಅದು. "ಕೈಲಾಗ್ಲಿಲ್ಲ, ಅದಕ್ಕೇ ಸಾಗಹಾಕಿದ್ರು," ಎಂದರು. ನಾನು ಬುದ್ಧಿ ಹೇಳಬಹುದಿತ್ತು. ಹೇಳಲಿಲ್ಲ. "ಹೌದು ಬಿಡಿ, ಈ ಡಾಕ್ಟರುಗಳೆಲ್ಲ ಹೀಗೇ, ಅಲ್ಲಿಂದಿಲ್ಲಿಗೆ ಕಳಿಸ್ತಾ ಇರ್ತಾರೆ," ಎಂದೆ. ಸ್ಕ್ಯಾನ್ ಎಂದರೆ ನನಗೆ ಭಯ. ಗೊತ್ತಾಗದಿದ್ದರೆ ಇಲ್ಲ ಎಂದೇ ಲೆಕ್ಕ ಎಂದು ಎಲ್ಲೋ ಒಳಗೆ ನಂಬಿಕೊಂಡಿದ್ದೆ. ಕಾಗದವನ್ನು ಒಂದು ಪುಸ್ತಕದೊಳಗಿಟ್ಟೆ. ಇವರು ಮರುದಿನವೇ ಕೋಣನಕುಂಟೆಗೆ ಹೋಗಿ ದೊಡ್ಡಪ್ಪನಿಂದ ಬೆನ್ನು ನೀವಿಸಿಕೊಂಡು ಬಂದರು.

ಡಾಕ್ಟರಮ್ಮ ಎರಡು ಸಲ ಫೋನ್ ಮಾಡಿದರು. ಮೊದಲ ಸಲ, ಹೋಗ್ತೀವಿ ಮೇಡಂ ಎಂದೆ. ಎರಡನೇ ಸಲ ಫೋನ್ ಬಂದಾಗ ಇವರು ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಹಿಂದಿನ ದಿನವಷ್ಟೇ ಎಣ್ಣೆ ಹಾಕಿಸಿಕೊಂಡು ಬಂದಿದ್ದರಿಂದ ನಿದ್ದೆ ಬಂದಿತ್ತು. ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನಾಗಿಯೇ, "ಎಲ್ಲಾ ಟೆಸ್ಟು ಮಾಡಿಸಿದ್ವಿ ಮೇಡಂ. ಏನೂ ಇಲ್ಲವಂತೆ," ಎಂದುಬಿಟ್ಟೆ.

"ಅಬ್ಬಾ, ಒಳ್ಳೇದಾಯ್ತು," ಎಂದರು ಅವರು. ಆ ದನಿಯಲ್ಲಿದ್ದ ನಿರಾಳ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಶಾಲೆಯಲ್ಲಿ ಮಕ್ಕಳ ವಾರ್ಷಿಕ ಪರೀಕ್ಷೆಗಳು ಮುಗಿಯುವ ಹೊತ್ತಿಗೆ, ಒಂದು ದಿನ ಶಾಲೆಯ ಗೇಟಿನ ಮುಂದೆ ವ್ಯಾನಿನಿಂದ ಇಳಿಯಲು ಹೋದವರು ಹಾಗೇ ಕುಸಿದರು. ಅಂಕಲ್ ಆಟ ಆಡುತ್ತಿದ್ದಾರೆ ಎಂದು ಮಕ್ಕಳು ನಕ್ಕರಂತೆ. ಎರಡೂ ಕಾಲು ಹೋಗಿದ್ದವು.

ಆಸ್ಪತ್ರೆಯಲ್ಲಿ ಹೇಳಿದರು: ಕ್ಯಾನ್ಸರ್. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ್ದು, ಬೆನ್ನುಮೂಳೆಯ ಒಂದು ಮಣಿಯನ್ನು ಪೂರಾ ತಿಂದುಹಾಕಿದೆ. ಅದು ಕುಸಿದು ನರದ ಹುರಿಯನ್ನು ಒತ್ತಿದೆ. "ಒಂದೆರಡು ತಿಂಗಳು ಮುಂಚೆ ಬಂದಿದ್ರೆ ಕಾಲಾದ್ರೂ ಉಳೀತಿತ್ತೇನೋ," ಎಂದರು ಅಲ್ಲಿನ ಡಾಕ್ಟರು. ನಾನು ಆ ಕಾಗದದ ವಿಷಯ ಬಾಯಿ ಬಿಡಲಿಲ್ಲ.

ಮನೆಗೆ ಕರೆತಂದ ಮೂರು ವಾರದ ಮೇಲೆ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ, ಸುಳ್ಳನ್ನೂ. "ಅಡ್ರೆಸ್ ಹೇಳಿ," ಎಂದರು ಅವರು.

ಆಸ್ಪತ್ರೆಯವರನ್ನು ಕೇಳಿ, ಏನು ಮಾಡಬಹುದು ಏನು ಮಾಡಬಾರದು ಎಂದು ತಿಳಿದುಕೊಂಡೇ ಬಂದರು. ಪ್ರತಿ ಗುರುವಾರ ಬರುತ್ತಿದ್ದರು. ಬೆನ್ನನ್ನು ಮುಟ್ಟುತ್ತಿರಲಿಲ್ಲ. ಪಾದ, ಹೊಟ್ಟೆ, ಕತ್ತಿನ ಅಡಿ, ಅಷ್ಟೇ. ಅದೂ ಹೂವಿನ ಮೇಲೆ ಕೈಯಿಟ್ಟಷ್ಟು ಹಗುರವಾಗಿ. ಊದಿದ ಕಾಲು ಸ್ವಲ್ಪ ಇಳಿಯುತ್ತಿತ್ತು. ಮೇಲೆ ಮೇಲೆ ಆಡುತ್ತಿದ್ದ ಉಸಿರು ಒಳಗಿಳಿಯುತ್ತಿತ್ತು. ಎರಡು ಗಂಟೆ ನಿದ್ದೆ ಬರುತ್ತಿತ್ತು. ಆ ಚಿಕಿತ್ಸೆಯಿಂದ ಆಗಬಹುದಾದದ್ದು ಅಷ್ಟೇ, ಅಷ್ಟಂತೂ ಆಗುತ್ತಿತ್ತು. ಒಂದು ಗುರುವಾರ ಇವರು ಕೇಳಿದರು:

"ಇದ್ರಿಂದ ಕಾಲು ಬರುತ್ತಾ ಮೇಡಂ?"

"ಇಲ್ಲ ಸಾರ್."

"ಮತ್ತೆ ಯಾಕೆ ಬರ್ತೀರಾ?"

"ಉಸಿರಾಡೋದು ಸ್ವಲ್ಪ ಸಲೀಸಾಗ್ಲಿ ಅಂತ."

ಇವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಉಳಿದ ದಿನಗಳಲ್ಲಿ ಮಾಡಲಿ ಎಂದು ನನಗೂ ಹೇಳಿಕೊಟ್ಟಿದ್ದರು. ನನಗೆ ಬರಲಿಲ್ಲ. ಎಲ್ಲಿ ಮುಟ್ಟಿದರೆ ಏನಾಗುತ್ತದೋ ಎಂದು ಬೆರಳು ಬಿಗಿಯುತ್ತಿತ್ತು. "ನಿನ್ನ ಕೈ ಹೆದರ್ತಿದೆ ಕಣೇ, ತೆಗಿ," ಎಂದರು ಒಮ್ಮೆ. ಬೈದದ್ದಲ್ಲ, ಆಯಾಸದಿಂದ ಅಂದದ್ದು. ಆಮೇಲೆ ನಾನು ಮುಟ್ಟಲು ಹೋಗಲಿಲ್ಲ. ಬರೀ ಪಕ್ಕ ಮಗ್ಗುಲಾಗಿಸುವುದು, ಒರೆಸುವುದು ಅಷ್ಟನ್ನೇ ಮಾಡಿದೆ. ಏಳು ತಿಂಗಳ ಮೇಲೆ ಒಂದು ಮಧ್ಯಾಹ್ನ, ನಾನು ಅಡುಗೆಮನೆಯಲ್ಲಿ ಗಂಜಿ ಸೋಸುತ್ತಿದ್ದಾಗ, ಹೋದರು.

ಮಣ್ಣು ಮಾಡಿ ಬಂದ ಮೇಲೆ ದೊಡ್ಡಪ್ಪ ನನ್ನನ್ನು ಹಿತ್ತಲಿಗೆ ಕರೆದರು. ಎಂಬತ್ತರ ಮುದುಕ, ತಮ್ಮ ಎರಡೂ ಅಂಗೈ ನೋಡಿಕೊಂಡರು. "ನಾನು ಒತ್ತಿದ್ದಕ್ಕೇ ಹಿಂಗಾಯ್ತೇನವ್ವಾ?" ಎಂದರು. ಒತ್ತಬಾರದೆಂದು ಅವರಿಗೆ ನಾವು ಹೇಳಿಯೇ ಇರಲಿಲ್ಲ. ನಿಮ್ಮ ತಪ್ಪಲ್ಲ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಿದರೆ ತಪ್ಪು ಯಾರದೆಂದು ಹೇಳಬೇಕಾಗುತ್ತಿತ್ತು. ನಾನು ಸುಮ್ಮನೆ ಒಳಗೆ ಬಂದೆ. ಮರುವರ್ಷ ಅವರೂ ತೀರಿಕೊಂಡರು, ಆ ಪ್ರಶ್ನೆಯನ್ನು ಹೊತ್ತುಕೊಂಡೇ.

ಆ ನಂತರ ಒಂದು ದಿನ ಜಯನಗರಕ್ಕೆ ಹೋದೆ. ಡಾಕ್ಟರಮ್ಮ ನನಗೆ ಉಗಿಯಲಿ ಎಂಬ ಆಸೆಯಿತ್ತು. ಅವರು ಉಗಿಯಲಿಲ್ಲ.

"ನೀವು ಸುಳ್ಳು ಹೇಳಿದ್ರಿ. ಹೌದು. ನಾನೂ ರಿಪೋರ್ಟ್ ತೋರಿಸಿ ಅಂತ ಕೇಳಲಿಲ್ಲ. ನನ್ನ ಕೈಗೆ ಗೊತ್ತಿತ್ತು. ಆದ್ರೂ ನೀವು ಏನೂ ಇಲ್ಲ ಅಂದ ತಕ್ಷಣ ನಂಬಿದೆ, ನಂಬೋದು ಸುಲಭ ಇತ್ತು," ಎಂದರು.

ಒಳಗೆ ಹೋಗಿ ಕಾಫಿ ತಂದು ನನ್ನ ಮುಂದಿಟ್ಟರು. ನಾನು ಲೋಟ ತೆಗೆದುಕೊಳ್ಳಲು ಕೈ ಚಾಚಿದ್ದನ್ನು ನೋಡಿ, "ಭುಜ ಯಾವಾಗಿಂದ ಹೀಗಾಗಿದೆ?" ಎಂದರು. ಏಳು ತಿಂಗಳು ನನ್ನ ಗಂಡನನ್ನು ಮಗ್ಗುಲಾಗಿಸಿ ಎತ್ತಿ ಇಳಿಸಿ, ಬಲಭುಜ ಹಿಡಿದುಕೊಂಡಿತ್ತು. ಮಂಚದ ಮೇಲೆ ಮಲಗಿಸಿದರು. ಭುಜದಡಿಗೆ ಕೈಯಿಟ್ಟು ಕೂತರು. ಬೆಚ್ಚಗಿತ್ತು ಆ ಕೈ. ಈಗ ಅಳು ಬರುತ್ತದೆ, ಬಂದರೆ ಹಗುರವಾಗುತ್ತದೆ ಎಂದು ಕಾದೆ. ಬರಲಿಲ್ಲ.

"ಬಿಡ್ತಾನೇ ಇಲ್ಲವಲ್ಲ," ಎಂದರು ಮೆಲ್ಲಗೆ.

"ಬೇಡ ಮೇಡಂ," ಎಂದು ಎದ್ದುಬಿಟ್ಟೆ. ಇನ್ನೂ ನಾಲ್ಕೈದು ಸಲ ಬಂದರೆ ಸರಿಹೋಗುತ್ತದೆ ಎಂದರು. ಖಂಡಿತ ಸರಿಹೋಗುತ್ತಿತ್ತು, ಅದು ಅವರ ಕೈಗೆ ಆಗುವ ಕೆಲಸವೇ. ನಾನು ಹೋಗಲಿಲ್ಲ. ಬಲಗೈ ಈಗಲೂ ಕಿವಿಯಿಂದ ಮೇಲಕ್ಕೆ ಏಳುವುದಿಲ್ಲ. ಎಡಗೈಯಲ್ಲೇ ತಲೆ ಬಾಚಿಕೊಳ್ಳುತ್ತೇನೆ.