ಮೂಟೆ ಆಯಾ ಮೇಲಿನ ಮಹಡಿಗೆ ಹೋದದ್ದು

ನನ್ನ ಅತ್ತಿಗೆಗೆ ಆಸ್ಪತ್ರೆಯಲ್ಲಿ ಮೂಟೆ ಆಯಾ ಎಂದು ಹೆಸರು. ಹೆಸರಿಟ್ಟವರು ಹೆರಿಗೆ ವಾರ್ಡಿನ ನರ್ಸುಗಳು. ಅತ್ತಿಗೆ ಆಗತಾನೆ ಹುಟ್ಟಿದ ಕೂಸನ್ನು ಒರೆಸಿ, ಬಟ್ಟೆಯ ಒಂದು ಮೂಲೆಯನ್ನು ತಲೆಯ ಮೇಲೆ ಮಡಚಿ, ಎರಡು ಕೈಗಳನ್ನೂ ಪಕ್ಕಕ್ಕೆ ಸೇರಿಸಿ, ಕೆಳಗಿನ ತುದಿಯನ್ನು ಮೇಲೆ ತಂದು ಸಿಕ್ಕಿಸಿದರೆಂದರೆ ಮುಗಿಯಿತು. ಕಣ್ಣು, ಮೂಗು, ಬಾಯಿ ಮಾತ್ರ ಹೊರಗೆ. ಆಸ್ಪತ್ರೆ ಹಾರಿಹೋಗುವಂತೆ ಕಿರುಚುತ್ತಿದ್ದ ಕೂಸೂ ಗಪ್‌ಚಿಪ್ ಆಗುತ್ತಿತ್ತು.

ಕಟ್ಟುವಾಗ ಅದರ ಕಿವಿಯಲ್ಲಿ ಒಂದು ಮಾತು ಹೇಳುತ್ತಿದ್ದರು: "ಹೆದರ್ಬೇಡ ಕಂದ, ನಿನ್ನೋರೆಲ್ಲ ಹೊರಗಡೆ ಕಾಯ್ತಿದ್ದಾರೆ." ಆಮೇಲೆ ಸಣ್ಣದೊಂದು ಪ್ರಾರ್ಥನೆ. ಅದೂ ಆದ ಮೇಲೆ ಬಾಗಿಲು ತೆರೆದು, ಗುಂಪುಗೂಡಿ ನಿಂತ ನೆಂಟರಿಷ್ಟರಿಗೆ "ಮೊದಲು ಕೈ ತೊಳ್ಕೊಂಡು ಬನ್ನಿ" ಎಂದು ಗದರುತ್ತಿದ್ದರು. ಗಂಡೋ ಹೆಣ್ಣೋ ಎಂದು ಕೇಳಿದವರಿಗೂ ಕೈ ತೊಳೆದ ಮೇಲೆಯೇ ಉತ್ತರ.

ನಾನು ಅವರ ನಾದಿನಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ಅಣ್ಣನದು ಬೀದಿಯ ತುದಿಯಲ್ಲಿ ಸೈಕಲ್ ರಿಪೇರಿ ಅಂಗಡಿ. ಮನೆಯಲ್ಲಿ ಇರುವುದು ಮೂರೇ ಜನ. ನನಗೆ ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆಲ್ಲ ಒಂದು ಸಲ ಉತ್ತರ ಕೊಟ್ಟಿದ್ದೇನೆ, ಎರಡನೇ ಸಲ ಕೇಳುವ ಧೈರ್ಯ ಯಾರೂ ಮಾಡಿಲ್ಲ.

ನನಗೂ ದೇವರಿಗೂ ಅಷ್ಟಕ್ಕಷ್ಟೆ. ಭಾನುವಾರ ಚರ್ಚಿಗೆ ಆರಾಧನೆಗೆ ಹೋಗುತ್ತೇನೆ, ಗಂಟಲು ಬಿಟ್ಟು ಹಾಡುತ್ತೇನೆ, ಪಾಸ್ಟರ್ ಪ್ರಸಂಗ ಮಾಡುವ ಹೊತ್ತಿಗೆ ಮುಂದಿನ ಸಾಲಿನವರ ಕಾಲರಿನ ಹೊಲಿಗೆ ನೋಡುತ್ತಾ ಕೂರುತ್ತೇನೆ. ಅತ್ತಿಗೆಯ ನಂಬಿಕೆ ಹಾಗಲ್ಲ. ಅವರು ಕರ್ತನ ಜೊತೆ ಪಕ್ಕದ ಮನೆಯವರ ಹತ್ತಿರ ಮಾತಾಡುವ ಹಾಗೆ ಮಾತಾಡುತ್ತಾರೆ. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಅವರು ಕೇಳಿದ್ದು ಒಂದೇ ಒಂದು, ಮಗು ಕೊಡು ಎಂದು. ವರ್ಷಗಟ್ಟಲೆ ಕೇಳಿದರು. ಉಪವಾಸವಿದ್ದು ಕೇಳಿದರು. ಕಡೆಗೆ ಡಾಕ್ಟರಮ್ಮ ಇನ್ನು ಆಗುವುದಿಲ್ಲ ಎಂದು ಕೈ ಚೆಲ್ಲಿದರು. ಕೈ ಚೆಲ್ಲಿದವರು ಸುಮ್ಮನಿರಬಾರದೆ? "ನಮ್ಮ ಹೆರಿಗೆ ವಾರ್ಡಿಗೆ ಒಬ್ಬ ಆಯಾ ಬೇಕು, ಬರ್ತೀಯಾ?" ಎಂದು ಕೇಳಿಬಿಟ್ಟರು.

ನಾನು ಕುದಿದುಹೋದೆ. ಇದಕ್ಕಿಂತ ಗಾಯದ ಮೇಲೆ ಬರೆ ಬೇಕೆ? ಅತ್ತಿಗೆ ಮಾತ್ರ ಮರುದಿನವೇ ಕೆಲಸಕ್ಕೆ ಹೋದರು. ಅಂದು ಸಂಜೆ ಮನೆಗೆ ಬಂದಾಗ ಅವರ ಮುಖ ನೋಡಬೇಕಿತ್ತು. "ಕೊಟ್ಬಿಟ್ಟ ಕಣೇ! ಒಂದು ಕೇಳಿದ್ದೆ, ದಿನಾ ಕೊಡ್ತಾನಂತೆ" ಎಂದರು. ಅಲ್ಲಿಂದ ಮುಂದೆ ಆ ವಾರ್ಡು ಅವರಿಗೆ ಕೆಲಸವಾಗಿರಲಿಲ್ಲ, ಪ್ರಾರ್ಥನೆಗೆ ಬಂದ ಉತ್ತರವಾಗಿತ್ತು. ರಾತ್ರಿ ಊಟಕ್ಕೆ ಮುಂಚೆ ಅವರು ಮಾಡುತ್ತಿದ್ದ ಪ್ರಾರ್ಥನೆಯಲ್ಲಿ ಅಂದು ಹುಟ್ಟಿದ ಒಂದೊಂದು ಕೂಸೂ ಬರುತ್ತಿತ್ತು. ಇದರ ತೂಕ ಕಮ್ಮಿ, ಅದರ ತಾಯಿಗೆ ಜ್ವರ, ಇನ್ನೊಂದರ ಅಪ್ಪ ಕುಡುಕ ಎಂದೆಲ್ಲ ದೇವರಿಗೆ ವಿವರವಾಗಿ ವರದಿ. ಊಟ ಆರಿ ತಣ್ಣಗಾಗುತ್ತಿತ್ತು. ನಾನು ಒಂದು ಕಣ್ಣು ತೆರೆದು ತಟ್ಟೆ ನೋಡಿ ನಿಟ್ಟುಸಿರು ಬಿಡುತ್ತಿದ್ದೆ. ಅಣ್ಣ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದ.

ಹೀಗೆ ಅರ್ಧ ಆಯುಷ್ಯ ಕಳೆಯಿತು. ಆಮೇಲೆ ನಗರದ ಆಚೆ ತುದಿಯಲ್ಲಿ ದೊಡ್ಡದೊಂದು ಆಸ್ಪತ್ರೆ ಬಂತು. ಹೆರಿಗೆಗಳೆಲ್ಲ ಇನ್ನು ಅಲ್ಲೇ ಎಂದಾಯಿತು. ಡಾಕ್ಟರಮ್ಮ, ನರ್ಸುಗಳು, ತೊಟ್ಟಿಲುಗಳು ಎಲ್ಲ ಅಲ್ಲಿಗೆ ಹೋದವು. ಆಯಾಗಳಿಗೆ ಜಾಗ ಇರಲಿಲ್ಲ. ಮೇಟ್ರನ್ ಅತ್ತಿಗೆಯನ್ನು ಕರೆದು, "ಮೇಲಿನ ಮಹಡೀಲಿ ವಯಸ್ಸಾದವರ ವಾರ್ಡಿದೆಯಲ್ಲ, ಅಲ್ಲಿಗೆ ಹೋಗಿ. ಇಷ್ಟ ಇಲ್ಲಾಂದ್ರೆ ಈ ತಿಂಗಳು ನೋಡಿ, ಆಮೇಲೆ ಬಿಡೋದಾದ್ರೆ ಹೇಳಿ" ಎಂದರು.

ಅಂದು ರಾತ್ರಿ ಅತ್ತಿಗೆ "ಸ್ತೋತ್ರ ಕರ್ತನೇ, ಆಮೆನ್" ಎಂದಷ್ಟೇ ಹೇಳಿ ಬಡಿಸಲು ಶುರು ಮಾಡಿದರು. ಊಟ ಬಿಸಿಬಿಸಿಯಾಗಿಯೇ ಇತ್ತು. ನಾನು ಅನ್ನ ಕಲಸುತ್ತಲೇ ಕೂತೆ.

ಸುದ್ದಿ ಕೇಳಿ ಪಾಸ್ಟರ್ ಮನೆಗೆ ಬಂದರು. ಚಹಾ ಕುಡಿದು, ಗಂಟಲು ಸರಿ ಮಾಡಿಕೊಂಡು, "ಕಾಲ ಬದಲಾದ್ರೂ ಕರ್ತ ಬದಲಾಗಲ್ಲ ಅಮ್ಮ" ಎಂದರು.

"ಗೊತ್ತು ಪಾಸ್ಟರೇ, ಅವನು ಬದಲಾಗಿಲ್ಲ. ಬದಲಾಗಿರೋದು ನನ್ನ ವಾರ್ಡು" ಎಂದರು ಅತ್ತಿಗೆ.

ಪಾಸ್ಟರ್ ಒಳ್ಳೆಯವರು, ಇನ್ನೊಂದು ಲೋಟ ಚಹಾ ಕೇಳಿದರು. ಅವರು ಹೋದ ಮೇಲೆ ಅತ್ತಿಗೆ ನನ್ನ ಮಿಷನ್ ಪಕ್ಕದ ಸ್ಟೂಲಿನ ಮೇಲೆ ಕೂತು, ಕತ್ತರಿಸಿ ಬಿದ್ದ ಬಟ್ಟೆಯ ಚೂರುಗಳನ್ನು ಒಂದೊಂದಾಗಿ ಆರಿಸುತ್ತಾ ಹೇಳಿದರು: "ಕೊಟ್ಟಿದ್ದನ್ನ ವಾಪಸ್ ತಗೊಂಡ್ನಾ ಅಂತ ಯೋಚನೆ ಕಣೇ. ಇಲ್ಲಾ ಅದು ಅವನ ಉತ್ತರ ಅಂತ ಇಷ್ಟು ವರ್ಷ ನಾನೇ ಅಂದ್ಕೊಂಡು ಕೂತಿದ್ನಾ? ಅವನು ಕೇಳಿಸ್ಕೊಂಡೇ ಇರ್ಲಿಲ್ವಾ?"

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅವರು ಒಳಗೆ ಹೋದದ್ದೇ ತಡ, ಮಿಷನ್ ತುಳಿಯುತ್ತಲೇ ನಾನೊಂದು ಪ್ರಾರ್ಥನೆ ಮಾಡಿದೆ. ಕಣ್ಣು ಮುಚ್ಚಲಿಲ್ಲ, ಮುಚ್ಚಿದರೆ ಸೂಜಿ ಬೆರಳಿಗೆ ಇಳಿಯುತ್ತದೆ. "ನೋಡು, ನನಗೋಸ್ಕರ ಯಾವತ್ತಾದ್ರೂ ಏನಾದ್ರೂ ಕೇಳಿದ್ದೀನಾ? ಅವರ ವಾರ್ಡು ಅವರಿಗೆ ವಾಪಸ್ ಕೊಡು. ಇಲ್ಲಾಂದ್ರೆ ಇನ್ಮುಂದೆ ಭಾನುವಾರ ನನ್ನ ದಾರಿ ಕಾಯ್ಬೇಡ." ಪ್ರಾರ್ಥನೆಯನ್ನು ಹೀಗೆ ಮಾಡಬಾರದಂತೆ. ನನಗೆ ಬರುವುದು ಹೀಗೆಯೇ.

ಮೇಲಿನ ವಾರ್ಡು ಉದ್ದನೆಯ ಹಜಾರ. ಎರಡೂ ಕಡೆ ಕಬ್ಬಿಣದ ಮಂಚಗಳು, ಒಂದೊಂದು ಮಂಚದ ತಲೆಗೂ ಒಂದೊಂದು ಊರುಗೋಲು. ಕಿಟಕಿಯಿಂದ ಕಾಣುವುದು ಆಸ್ಪತ್ರೆಯ ಬಟ್ಟೆ ಒಣಹಾಕುವ ತಂತಿಗಳು. ಗೋಡೆ ಗಡಿಯಾರ ನಿಂತು ಎಷ್ಟು ಕಾಲವಾಗಿತ್ತೋ, ಯಾರೂ ಗಮನಿಸಿರಲಿಲ್ಲ. ಅತ್ತಿಗೆ ಮೊದಲ ವಾರ ಹಲ್ಲು ಕಚ್ಚಿ ಕೆಲಸ ಮಾಡಿದರು. ತಿಂಗಳು ತುಂಬಲಿ, ಬಿಟ್ಟುಬಿಡುತ್ತೇನೆ ಎಂದು ಅಣ್ಣನಿಗೆ ಹೇಳಿಯೂ ಆಗಿತ್ತು. ಅಣ್ಣ "ಹೂಂ" ಎಂದಿದ್ದ. ಮಾತಿನಲ್ಲಿ ಅವನದು ಯಾವಾಗಲೂ ಇಷ್ಟೇ ಧಾರಾಳ.

ಆ ವಾರ್ಡಿನಲ್ಲಿ ಎಲ್ಲರ ತಲೆನೋವು ಎಂದರೆ ಒಬ್ಬ ಹೆಡ್‌ಮಾಷ್ಟ್ರು. ಕೆಲಸದಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಅವರ ಪಾಲಿಗೆ ಆ ಹಜಾರವೇ ಶಾಲೆ. ಚಮಚ ಎಸೆಯುತ್ತಿದ್ದರು, ನರ್ಸುಗಳಿಗೆ ಬೆಂಚಿನ ಮೇಲೆ ನಿಲ್ಲಲು ಹೇಳುತ್ತಿದ್ದರು. ಕೈಕಾಲು ಸದಾ ನಡುಗುತ್ತಿದ್ದವು, ಹೊದಿಕೆ ಕಿತ್ತೆಸೆಯುತ್ತಿದ್ದರು, ಹಗಲಾಗಲಿ ರಾತ್ರಿಯಾಗಲಿ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಜೋರು ಮಾತೆಲ್ಲ ಮೇಲಿನದು, ಒಳಗೆ ಪುಕ್ಕಲು ಎಂದು ಅತ್ತಿಗೆ ಮೊದಲ ದಿನವೇ ಕಂಡುಕೊಂಡಿದ್ದರು.

ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ. ಆದರೆ ಮೂರು ಬಾಯಿಗಳಿಂದ ಕೇಳಿದ್ದೇನೆ, ಮೂರೂ ನಗುತ್ತಲೇ ಹೇಳಿದವು. ಒಂದು ಬೆಳಿಗ್ಗೆ ಅತ್ತಿಗೆ ಹೆಡ್‌ಮಾಷ್ಟ್ರಿಗೆ ಬಿಸಿನೀರಿನಲ್ಲಿ ಮೈ ಒರೆಸಿದರು. ಒಗೆದು ತಂದ ದೊಡ್ಡ ಬಿಳಿ ಹೊದಿಕೆ ಕೈಯಲ್ಲಿತ್ತು. ಮನಸ್ಸು ಎಲ್ಲೋ ಇತ್ತು. ಕೈಗಳು ಮಾತ್ರ ತಮಗೆ ಗೊತ್ತಿದ್ದ ಕೆಲಸ ಮಾಡಿಕೊಂಡು ಹೋದವು. ಒಂದು ಮೂಲೆ ತಲೆಯ ಮೇಲೆ, ಕೈಗಳು ಪಕ್ಕಕ್ಕೆ, ಕೆಳಗಿನ ತುದಿ ಮೇಲಕ್ಕೆ. ಕಟ್ಟಿದ್ದೂ ಆಯಿತು, ಬಗ್ಗಿ ಕಿವಿಯಲ್ಲಿ "ಹೆದರ್ಬೇಡ ಕಂದ, ನಿನ್ನೋರೆಲ್ಲ ಹೊರಗಡೆ ಕಾಯ್ತಿದ್ದಾರೆ" ಎಂದದ್ದೂ ಆಯಿತು. ಎತ್ತಿಕೊಳ್ಳಲು ಎರಡು ಕೈ ಕೆಳಗೆ ಹಾಕಿದಾಗ ಭಾರ ತಿಳಿದು ಬೆಚ್ಚಿಬಿದ್ದರು. ಎದುರಿಗಿದ್ದದ್ದು ಬಿಳಿ ಮೀಸೆಯ ಕೂಸು, ಅದೂ ಗಾಢ ನಿದ್ದೆಯಲ್ಲಿ. ಎಬ್ಬಿಸಲು ಮನಸ್ಸು ಬಾರದೆ, ಅತ್ತಿಗೆ ಬೋಗುಣಿ ಎತ್ತಿಕೊಂಡು ನೀರು ಚೆಲ್ಲಲು ಹೋದರು.

ತೊಂದರೆ ಏನೆಂದರೆ, ಆ ವಾರ್ಡಿನಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಸುತ್ತುವುದು ಒಂದೇ ಒಂದು ಸಂದರ್ಭದಲ್ಲಿ. ಔಷಧಿ ಕೊಡಲು ಬಂದ ಸಿಸ್ಟರ್ ನೋಡಿದವಳೇ ಟ್ರೇ ಕೈಬಿಟ್ಟಳು. "ಡಾಕ್ಟ್ರೇ! ಹೆಡ್‌ಮಾಷ್ಟ್ರು ಹೋಗ್ಬಿಟ್ರು!" ಪಕ್ಕದ ಮಂಚದ ಬಡಗಿ ಅಜ್ಜ, ಹೆಡ್‌ಮಾಷ್ಟ್ರ ಜೊತೆ ಬೆಳಿಗ್ಗೆ ತಾನೆ ಜಗಳವಾಡಿದ್ದವರು, "ಅಯ್ಯೋ, ಒಳ್ಳೆ ಮನುಷ್ಯ" ಎಂದು ಅತ್ತು, ಒಡಕು ಗಂಟಲಿನಲ್ಲಿ ಸಮಾಧಿ ಹೊತ್ತಿನ ಹಾಡನ್ನು ಎತ್ತಿಕೊಂಡರು. ಎರಡೂ ಸಾಲಿನ ಮಂಚಗಳಿಂದ ದನಿಗಳು ಸೇರಿಕೊಂಡವು. ಡಾಕ್ಟರು ಓಡಿಬಂದರು. ಹಾಡು ಎರಡನೇ ಚರಣಕ್ಕೆ ಬಂದಾಗ ಮೂಟೆಯೊಳಗಿಂದ ಒಂದು ಕಣ್ಣು ತೆರೆಯಿತು.

"ಯಾವನದು ಕ್ಲಾಸಲ್ಲಿ ಗಲಾಟೆ?"

ಹಾಡು ಅಲ್ಲಿಗೇ ನಿಂತಿತು. ಮೇಟ್ರನ್ ಅತ್ತಿಗೆಯನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ತಪ್ಪು ತಪ್ಪೇ, ಅತ್ತಿಗೆ ತಲೆ ತಗ್ಗಿಸಿ ಕೇಳಿಸಿಕೊಂಡರು. ಆದರೆ ಮಧ್ಯಾಹ್ನ ಹೆಡ್‌ಮಾಷ್ಟ್ರು ಊಟ ಬೇಡವೆಂದು ಹಟ ಹಿಡಿದರು. "ಆ ಮೂಟೆ ಕಟ್ಟೋಳನ್ನ ಕರೀರಿ. ಇಷ್ಟು ಚೆನ್ನಾಗಿ ನಿದ್ದೆ ಮಾಡಿ ಯಾವ ಕಾಲ ಆಯ್ತೋ." ಡಾಕ್ಟರು ಯೋಚಿಸಿ, ಎದೆ ಬಿಗಿಯಬಾರದು, ಬೇಕೆಂದಾಗ ಅವರೇ ಕೈ ಬಿಡಿಸಿಕೊಳ್ಳುವಂತಿರಬೇಕು, ತಲೆಗೆ ಮಾತ್ರ ಬಟ್ಟೆ ಬೇಡವೇ ಬೇಡ ಎಂಬ ಷರತ್ತಿನ ಮೇಲೆ ಒಪ್ಪಿದರು.

ಅತ್ತಿಗೆ ಸಡಿಲವಾಗಿ ಹೊದಿಕೆ ಸುತ್ತುತ್ತಿದ್ದಾಗ ಹೆಡ್‌ಮಾಷ್ಟ್ರು ದನಿ ತಗ್ಗಿಸಿ ಕೇಳಿದರು, "ಬೆಳಿಗ್ಗೆ ಕಿವೀಲಿ ಹೇಳಿದೆಯಲ್ಲಮ್ಮ, ಹೊರಗಡೆ ಕಾಯ್ತಿದ್ದಾರೆ ಅಂತ. ಯಾರು?"

ಅತ್ತಿಗೆಗೆ ನಾಚಿಕೆಯಾಯಿತು. "ಅದು ಕೂಸುಗಳಿಗೆ ಹೇಳೋ ಮಾತು, ಮೇಷ್ಟ್ರೇ. ಬಾಯಿ ತಪ್ಪಿ ಬಂತು."

ಅವರು ಸೂರಿನ ಕಡೆ ನೋಡುತ್ತಾ ಹೇಳಿದರು: "ನನ್ನ ಹೆಂಡತಿ ಇರ್ಬೇಕು. ಎಲ್ಲಿಗೆ ಹೊರಟ್ರೂ ಅವಳು ನನಗಿಂತ ಮುಂಚೆ ರೆಡಿಯಾಗಿ ಬಾಗಿಲ ಹತ್ರ ನಿಂತಿರ್ತಿದ್ಲು. ನಾನು ಯಾವಾಗ್ಲೂ ಲೇಟು. ಅವಳೇ ಆದ್ರೆ ಹೆದರೋದು ಏನಿದೆ, ಸ್ವಲ್ಪ ಬೈತಾಳೆ ಅಷ್ಟೇ." ಹಾಗೆ ಹೇಳಿ ಕಣ್ಣು ಮುಚ್ಚಿದರು. ಕೈಗಳ ನಡುಕವೂ ನಿಂತಿತು.

ಇದನ್ನು ಅತ್ತಿಗೆ ಸಂಜೆ ನನ್ನ ಸ್ಟೂಲಿನ ಮೇಲೆ ಕೂತು ಹೇಳಿದರು. ಸಿಸ್ಟರ್ ಟ್ರೇ ಬೀಳಿಸಿದ್ದು ಹೇಳುವಾಗ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು, ಮೇಷ್ಟ್ರ ಹೆಂಡತಿಯ ಮಾತಿಗೆ ಬಂದಾಗ ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು. ಅಂದು ರಾತ್ರಿ ಊಟಕ್ಕೆ ಮುಂಚೆ ಪ್ರಾರ್ಥನೆಗೆ ಕಣ್ಣು ಮುಚ್ಚಿದ ಅತ್ತಿಗೆ ಎಷ್ಟು ಹೊತ್ತಾದರೂ ತೆರೆಯಲಿಲ್ಲ. ಹೆಡ್‌ಮಾಷ್ಟ್ರು, ಬಡಗಿ ಅಜ್ಜನ ಕೆಮ್ಮು, ಮಾತು ನಿಂತುಹೋದ ಮೂಲೆ ಮಂಚದ ಅಜ್ಜಿ, ಮಗ ನೋಡಲು ಬಾರದ ಇನ್ನೊಬ್ಬರು, ಎಲ್ಲರೂ ದೇವರ ಮುಂದೆ ಹಾಜರಾದರು. ಊಟ ತಣ್ಣಗಾಯಿತು. ಅಣ್ಣ ನನ್ನ ಕಾಲು ತುಳಿಯುವ ಅಗತ್ಯ ಬೀಳಲಿಲ್ಲ, ನಾನು ಎರಡೂ ಕಣ್ಣು ಮುಚ್ಚಿಯೇ ಕೂತಿದ್ದೆ. ನನಗೆ ತುಂಬಾ ಸಂತೋಷವಾಗಿತ್ತು.

ಹೆಡ್‌ಮಾಷ್ಟ್ರು ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ನಿದ್ದೆಯಲ್ಲೇ ಹೋದರು. ಅತ್ತಿಗೆ ಪಕ್ಕದಲ್ಲಿದ್ದರು. ಕಿವಿಯಲ್ಲಿ ಆ ಮಾತನ್ನು ಈ ಸಲ ಬೇಕೆಂದೇ ಹೇಳಿದರು, ಬಾಯಿ ತಪ್ಪಿ ಅಲ್ಲ.

ಅಷ್ಟರಲ್ಲಿ ಮೇಟ್ರನ್ ಹೇಳಿದ್ದ ತಿಂಗಳು ಮುಗಿದು ಹೋಗಿತ್ತು, ಅತ್ತಿಗೆಗೆ ಅದರ ನೆನಪೂ ಇದ್ದಂತಿರಲಿಲ್ಲ. ಅಷ್ಟು ಹೊತ್ತಿಗೆ ಅತ್ತಿಗೆಯ ನೆನಪಾದದ್ದು ಡಾಕ್ಟರಮ್ಮನಿಗೆ. ಹೊಸ ಆಸ್ಪತ್ರೆಯಲ್ಲಿ ಕೂಸುಗಳು ಸುಮ್ಮನಾಗುತ್ತಲೇ ಇಲ್ಲ, ಹೊಸ ಹುಡುಗಿಯರಿಗೆ ಕಟ್ಟಲು ಬರುವುದಿಲ್ಲ, ನಮ್ಮ ಮೂಟೆ ಆಯಾಳನ್ನು ಕಳಿಸಿಕೊಡಿ, ಹೇಗೋ ಜಾಗ ಮಾಡುತ್ತೇನೆ ಎಂದು ಹೇಳಿ ಕಳಿಸಿದರು. ಅತ್ತಿಗೆ ಮನೆಗೆ ಬಂದು ಅದನ್ನು ಹೇಳುತ್ತಿದ್ದಂತೆಯೇ ನಾನು ಮಿಷನ್ ಬಿಟ್ಟು ಎದ್ದು ನಿಂತೆ. ಬೆದರಿಸಿ ಮಾಡಿದ ಪ್ರಾರ್ಥನೆಗೂ ಅವನು ಕಿವಿಗೊಟ್ಟಿದ್ದ!

"ಯಾವತ್ತಿಂದ ಹೋಗ್ತೀರಾ ಅತ್ತಿಗೆ?"

"ಹೋಗಲ್ಲ. ಕಟ್ಟೋದು ಕಲಿಬೇಕಾದ್ರೆ ಆ ಹುಡುಗೀರನ್ನೇ ಇಲ್ಲಿಗೆ ಕಳಿಸಿ, ಹೇಳ್ಕೊಡ್ತೀನಿ ಅಂತ ಹೇಳಿ ಬಂದೆ."

ನನಗೆ ಪಿತ್ತ ನೆತ್ತಿಗೇರಿತು. "ಏನಂದ್ರಿ? ನಾನು ಜೀವಮಾನದಲ್ಲಿ ಮನಸ್ಸಿಟ್ಟು ಮಾಡಿದ್ದು ಒಂದೇ ಪ್ರಾರ್ಥನೆ. ಅವನು, ಪಾಪ, ಕೇಳಿದ್ದನ್ನ ಕೊಟ್ಟಿದ್ದಾನೆ, ನೀವು ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸ್ತಿದ್ದೀರಾ? ಕೊರಗ್ತಾ ಕೂತಿದ್ರಲ್ಲ, ಉತ್ತರ ವಾಪಸ್ ತಗೊಂಡ ಅಂತ!"

"ತಗೊಂಡಿಲ್ಲ ಕಣೇ, ಹುಚ್ಚಿ" ಎಂದರು ಅತ್ತಿಗೆ. ಚಪ್ಪಲಿ ಬಿಚ್ಚಿ, ನೋಯುವ ಪಾದ ಒತ್ತಿಕೊಳ್ಳುತ್ತಿದ್ದರು. ಮುಖದಲ್ಲಿ ನಗು ತಡೆಯಲಾಗುತ್ತಿರಲಿಲ್ಲ. "ನಾನು ಅವನ ಹತ್ರ ಮಗು ಕೊಡು ಅಂತ ಕೇಳಿದ್ದೆ. ಎಷ್ಟು ವಯಸ್ಸಿನದು ಅಂತ ಹೇಳಿರ್ಲಿಲ್ಲ."

ಒಳಗೆ ಕೈಯ ಗ್ರೀಸ್ ತೊಳೆಯುತ್ತಿದ್ದ ಅಣ್ಣ ಜೋರಾಗಿ ನಕ್ಕುಬಿಟ್ಟ. ಮದುವೆಯಾದ ಮೇಲೆ ಅವನು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ನಗುತ್ತಾ ನಗುತ್ತಾ ಅವನು ಅಳಲು ಶುರು ಮಾಡಿದ. ಮಗುವಿಗಾಗಿ ಅವನೂ ಇಷ್ಟು ವರ್ಷ ದೇವರ ಹತ್ತಿರ ಕೇಳಿದ್ದ ಎಂದು ನಮ್ಮಿಬ್ಬರಿಗೂ ಗೊತ್ತಾದದ್ದು ಆಗಲೇ. ಅತ್ತಿಗೆ ನೋಯುವ ಪಾದದಲ್ಲೇ ಎದ್ದು ಒಳಗೆ ಅವನ ಹತ್ತಿರ ಹೋದರು.